ಆಫ್‌ಲೈನ್ ಮಾಡಿದ ಪ್ರೊಸೆಸರ್ ಕರೆಂಟ್ ತಿನ್ನುವುದು ಏಕೆ?

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬಿಗೆ ಎರಡು ಸಾಕೆಟ್ಟಿನ ಹಳೆಯ ಸರ್ವರ್ ಬಂದಿದೆ. ಇಂಟೆಲ್ ಜಿಯಾನ್ ಇ5-2680 ವಿ4 ಚಿಪ್ ಎರಡು, 16 ಜಿಬಿಯ ರ‍್ಯಾಮ್ 16. ಉಬುಂಟು ಹಾಕಿದ್ದೇವೆ. ಹಗಲು ಸ್ವಲ್ಪ ಕೆಲಸ, ರಾತ್ರಿ ಪೂರ್ತಿ ಖಾಲಿ. ಎರಡನೇ ಪ್ರೊಸೆಸರ್ ಮುಚ್ಚಿಟ್ಟರೆ ಬಿಲ್ಲೂ ಇಳಿಯುತ್ತದೆ, ಯುಪಿಎಸ್ಸೂ ಹೆಚ್ಚು ಹೊತ್ತು ಬರುತ್ತದೆ ಎಂದುಕೊಂಡು 28ರಿಂದ 55ರವರೆಗಿನ ಸಿಪಿಯುಗಳನ್ನು ಆಫ್‌ಲೈನ್ ಮಾಡಿದೆ. ಪ್ಲಗ್ಗಿಗೆ ಹಾಕಿದ ಮೀಟರ್ ಕದಲಲೇ ಇಲ್ಲ. ಅದನ್ನು ಬಿಟ್ಟು ಬೂಟ್ ಸಾಲಿನಲ್ಲಿ ಮ್ಯಾಕ್ಸ್‌ಸಿಪಿಯುಸ್=28 ಎಂದು ಕೊಟ್ಟರೆ ಬಳಕೆ ಮೊದಲಿಗಿಂತ ಏರಿತು! ಮುಚ್ಚಿದ ಪ್ರೊಸೆಸರ್ ತೆರೆದದ್ದಕ್ಕಿಂತ ಹೆಚ್ಚು ಕರೆಂಟ್ ತಿನ್ನುವುದು ಹೇಗೆ?
(ಹುಬ್ಬಳ್ಳಿಯ ಓದುಗರೊಬ್ಬರು)

ಉತ್ತರ: ನಿಮ್ಮ ಮೀಟರ್ ಎರಡು ಸಲವೂ ಸರಿಯಾಗಿಯೇ ತೋರಿಸಿದೆ. ಆದರೆ ಅದಕ್ಕೂ ಮುಂಚೆ ಒಂದು ಮಾತು: ನೀವು ಎರಡನೇ ಪ್ರೊಸೆಸರನ್ನು ಮುಚ್ಚಿಯೇ ಇಲ್ಲ.

ಇ5-2680 ವಿ4ರಲ್ಲಿ 14 ಕೋರ್, ಒಂದೇ ಕೋರನ್ನು ಎರಡು ಸಿಪಿಯುಗಳಂತೆ (ಇವೇ ಥ್ರೆಡ್ಡುಗಳು) ತೋರಿಸುವ ಹೈಪರ್‌ಥ್ರೆಡಿಂಗ್ ಸೇರಿ 28 ಥ್ರೆಡ್. ಎರಡು ಚಿಪ್ಪಿಗೆ 56. ಲಿನಕ್ಸ್ ಇವಕ್ಕೆ 0ಯಿಂದ 55ರವರೆಗೆ ನಂಬರ್ ಕೊಡುತ್ತದೆ, ನಿಜ. ಆದರೆ ಮೊದಲರ್ಧ ಒಂದು ಚಿಪ್ಪಿಗೆ, ಉಳಿದರ್ಧ ಇನ್ನೊಂದಕ್ಕೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಯಂತ್ರವನ್ನು ಶುರು ಮಾಡುವ ಬೋರ್ಡಿನ ತಂತ್ರಾಂಶವಾದ ಬಯೋಸ್ ಸಾಮಾನ್ಯವಾಗಿ ಎಲ್ಲ ಕೋರ್‌ಗಳ ಮೊದಲ ಥ್ರೆಡ್ಡನ್ನು ಪಟ್ಟಿ ಮಾಡಿ ಮುಗಿಸಿ, ಆಮೇಲೆ ಎರಡನೇ ಥ್ರೆಡ್ಡುಗಳಿಗೆ ಬರುತ್ತದೆ. ಹಾಗಾಗಿ 0–13 ಮೊದಲ ಚಿಪ್, 14–27 ಎರಡನೇ ಚಿಪ್, 28–41 ಮತ್ತೆ ಮೊದಲ ಚಿಪ್ಪಿನದೇ ಜೋಡಿ ಥ್ರೆಡ್ಡುಗಳು, 42–55 ಎರಡನೆಯದರ ಜೋಡಿ ಥ್ರೆಡ್ಡುಗಳು. ಡೆಲ್ ಪವರ್‌ಎಡ್ಜ್ ಆದರೆ ಹಂಚಿಕೆ ಇನ್ನೊಂದು ಥರ: ಸಮ ಸಂಖ್ಯೆಗಳೆಲ್ಲ ಒಂದು ಸಾಕೆಟ್ಟಿಗೆ, ಬೆಸ ಸಂಖ್ಯೆಗಳೆಲ್ಲ ಇನ್ನೊಂದಕ್ಕೆ. ಎರಡು ಪದ್ಧತಿಯಲ್ಲೂ 28 ಎಂಬುದು 0ಯ ಜೋಡಿಯೇ. ನೀವು ಆಫ್‌ಲೈನ್ ಮಾಡಿದ್ದು ಎರಡೂ ಚಿಪ್ಪಿನ ಎಲ್ಲ ಕೋರ್‌ಗಳ ಎರಡನೇ ಥ್ರೆಡ್ಡನ್ನು. ಅಂದರೆ ಹೈಪರ್‌ಥ್ರೆಡಿಂಗ್ ಆರಿಸಿದಿರಿ, ಅಷ್ಟೇ. 28 ಕೋರ್‌ಗಳಲ್ಲಿ ಒಂದೂ ಮುಚ್ಚಿಲ್ಲ.

ಮುಟ್ಟುವ ಮೊದಲು ಎಲ್‌ಎಸ್‌ಸಿಪಿಯು ಆದೇಶವನ್ನು ಇ ಆಯ್ಕೆಯೊಡನೆ ಓಡಿಸಿ ನೋಡಿ. ಪ್ರತಿ ಸಿಪಿಯುಗೂ ಒಂದು ಸಾಲು, ಅದರಲ್ಲಿ ನೋಡ್ (ಸಾಕೆಟ್ ಮತ್ತು ಅದರ ಮೆಮೊರಿ ಸೇರಿದ ಗುಂಪು), ಸಾಕೆಟ್, ಕೋರ್ ಎಂಬ ಕಾಲಂಗಳು ಬರುತ್ತವೆ. 0ಯ ಸಾಲಿನಲ್ಲೂ 28ರ ಸಾಲಿನಲ್ಲೂ ಸಾಕೆಟ್ ಮತ್ತು ಕೋರ್ ನಂಬರ್ ಒಂದೇ ಇದ್ದರೆ ಅವೆರಡು ಒಂದೇ ಕೋರಿನ ಥ್ರೆಡ್ಡುಗಳು. ಇದನ್ನು ಆಫ್‌ಲೈನ್ ಮಾಡುವ ಮುಂಚೆಯೇ ನೋಡಿ ಬರೆದಿಟ್ಟುಕೊಳ್ಳಿ. ಆಫ್‌ಲೈನ್ ಆದ ಸಿಪಿಯು ಸಾಲಿನಲ್ಲಿ ಬರೀ ಗೆರೆ ಬರುತ್ತದೆ, ಅದು ಯಾವ ಸಾಕೆಟ್ಟಿನದು ಎಂದು ಆಗ ತಿಳಿಯುವುದಿಲ್ಲ.

ಈಗ ಅಸಲು ವಿಷಯ. ಆಫ್‌ಲೈನ್ ಎಂಬುದು ಕರ್ನಲ್‌ನ, ಅಂದರೆ ಲಿನಕ್ಸ್‌ನ ತಿರುಳಿನ, ಲೆಕ್ಕದ ಮಾತು. ಈ ಸಿಪಿಯುಗೆ ಇನ್ನು ಕೆಲಸ ಹಂಚುವುದಿಲ್ಲ, ಇಂಟರಪ್ಟ್ (ಇತ್ತ ನೋಡು ಎಂದು ಕರೆಯುವ ಸಂಕೇತ) ಕಳಿಸುವುದಿಲ್ಲ ಎಂದಷ್ಟೇ ಅದರ ಅರ್ಥ. ಕರೆಂಟ್ ಕಡಿದಂತಲ್ಲ. ಎಕ್ಸ್86 ಯಂತ್ರದಲ್ಲಿ ಒಂದೊಂದು ಕೋರಿನ ಕರೆಂಟನ್ನು ಕಡಿಯುವ ಸ್ವಿಚ್ಚು ಚಿಪ್ಪಿನ ಒಳಗೇ ಇದೆ. ಅದನ್ನು ಒತ್ತುವುದು ಚಿಪ್ಪಿನ ವಿದ್ಯುತ್ ನಿಯಂತ್ರಕ, ಅದೂ ಆ ಕೋರಿನ ಥ್ರೆಡ್ಡುಗಳೇ ಆಳವಾದ ನಿದ್ದೆ ಬೇಕೆಂದು ಕೇಳಿಕೊಂಡರೆ ಮಾತ್ರ. ಕರ್ನಲ್ ಕೈಬಿಟ್ಟ ಸಿಪಿಯು ಕೊನೆಯದಾಗಿ ಎಷ್ಟು ಆಳದ ನಿದ್ದೆ ಕೇಳಿ ಮಲಗಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ನಿಮ್ಮ ಚಿಪ್ಪಿನಲ್ಲಿ ಈ ಆಳಗಳು (ಸಿ-ಸ್ಟೇಟ್‌ಗಳು) ಸಿ1, ಸಿ1ಇ, ಸಿ3, ಸಿ6. ಸಿ1ಕ್ಕೆ ಹೋಗುವುದು ಹಾಲ್ಟ್ ಎಂಬ ಹಳೆಯ ಸೂಚನೆಯಿಂದ. ಅಲ್ಲಿ ಕೋರಿನ ಕ್ಲಾಕ್ ಮಾತ್ರ ನಿಲ್ಲುತ್ತದೆ. ವೋಲ್ಟೇಜ್ ಇರುತ್ತದೆ, ಕ್ಯಾಶ್ ತುಂಬಿರುತ್ತದೆ, ಟ್ರಾನ್ಸಿಸ್ಟರುಗಳಿಂದ ಸೋರುವ ಕರೆಂಟ್ ಸೋರುತ್ತಲೇ ಇರುತ್ತದೆ. ಎಚ್ಚರವಾಗಲು ಸುಮಾರು 2 ಮೈಕ್ರೋಸೆಕೆಂಡ್ ಸಾಕು. ಸಿ6ರಲ್ಲಿ ಕೋರ್ ತನ್ನ ಎಲ್1, ಎಲ್2 ಕ್ಯಾಶ್ ಖಾಲಿ ಮಾಡಿ, ರಿಜಿಸ್ಟರುಗಳನ್ನು ಬೇರೆ ಕಡೆ ಉಳಿಸಿಟ್ಟು, ಕರೆಂಟನ್ನೇ ಕಡಿಸಿಕೊಳ್ಳುತ್ತದೆ. ಆಗ ಸೋರಿಕೆಯೂ ಹೆಚ್ಚುಕಡಿಮೆ ಸೊನ್ನೆ. ಇಂಟೆಲ್ ಇದನ್ನು ತಂದದ್ದು 2008ರ ನೆಹೇಲಮ್ ಪೀಳಿಗೆಯಲ್ಲಿ. ಇಲ್ಲಿಂದ ಎದ್ದು ಬರಲು ನಿಮ್ಮ ಬ್ರಾಡ್‌ವೆಲ್ ಪೀಳಿಗೆಗೆ ಲಿನಕ್ಸ್ ಬರೆದುಕೊಂಡಿರುವ ಅಂಕಿ 133 ಮೈಕ್ರೋಸೆಕೆಂಡ್.

ಈ ಆಳಗಳಿಗೆ ಎರಡು ಕಟ್ಟಳೆ ಇವೆ. ಒಂದು: ಕೋರ್ ಸಿ6ಕ್ಕೆ ಇಳಿಯಬೇಕಾದರೆ ಅದರ ಎರಡೂ ಥ್ರೆಡ್ಡುಗಳು ಸಿ6 ಕೇಳಿರಬೇಕು. ಒಂದು ಸಿ6 ಕೇಳಿ ಇನ್ನೊಂದು ಸಿ1ರಲ್ಲಿ ಕೂತಿದ್ದರೆ ಕೋರ್ ಸಿ1ರಲ್ಲೇ ನಿಲ್ಲುತ್ತದೆ. ಎರಡು: ಚಿಪ್ಪಿನ ಎಲ್ಲ ಕೋರ್‌ಗಳೂ ಆಳಕ್ಕೆ ಇಳಿದ ಮೇಲೆಯೇ ಇಡೀ ಪ್ಯಾಕೇಜ್, ಅಂದರೆ ಪೂರ್ತಿ ಚಿಪ್, ನಿದ್ದೆಗೆ ಹೋಗಬಹುದು, ಎಲ್3 ಕ್ಯಾಶ್, ಕೋರ್‌ಗಳನ್ನು ಜೋಡಿಸುವ ಒಳಜಾಲ, ಮೆಮೊರಿ ಕಂಟ್ರೋಲರ್ ಇವುಗಳ ಕರೆಂಟ್ ಇಳಿಯುವುದು ಆಗಲೇ. 28ರಲ್ಲಿ ಒಂದೇ ಒಂದು ಥ್ರೆಡ್ ಸಿ1ರಲ್ಲಿ ಸಿಕ್ಕಿಹಾಕಿಕೊಂಡರೂ ಪ್ಯಾಕೇಜಿಗೆ ನಿದ್ದೆ ಇಲ್ಲ. ಖಾಲಿ ಕೂತ ಸರ್ವರಿನಲ್ಲಿ ಉಳಿತಾಯದ ದೊಡ್ಡ ಪಾಲು ಇರುವುದು ಇಲ್ಲಿ.

ಈಗ ನಿಮ್ಮ ಮೊದಲ ಪ್ರಯೋಗ ನೋಡಿ. ಸಿಪಿಯು ಓಡುತ್ತಿರುವಾಗ ಆಫ್‌ಲೈನ್ ಮಾಡಿದರೆ, ಇಂಟೆಲ್ ಚಿಪ್ಪಿನಲ್ಲಿ ಲಿನಕ್ಸ್ ಅದನ್ನು, ಎಷ್ಟು ಆಳ ಬೇಕೆಂದು ಹೇಳಿ ಮಲಗಿಸುವ ಎಮ್‌ವೇಟ್ ಸೂಚನೆಯಿಂದ ಸಿಗುವಷ್ಟು ಆಳಕ್ಕೆ ಕಳಿಸುತ್ತದೆ. 2010ಕ್ಕೆ ಮುಂಚಿನ ಕರ್ನಲ್‌ಗಳಲ್ಲಿ ಹೀಗಿರಲಿಲ್ಲ, ಬರೀ ಹಾಲ್ಟ್ ಹಾಕಿ ಬಿಡುತ್ತಿತ್ತು. ಆಫ್‌ಲೈನ್ ಮಾಡಿದರೆ ಕರೆಂಟ್ ಜಾಸ್ತಿ ಎಂಬ ಮಾತು ಹುಟ್ಟಿದ್ದು ಆ ಕಾಲದಲ್ಲಿ. ಇವತ್ತು ನಿಮ್ಮ ಯಂತ್ರದಲ್ಲಿ ಆಫ್‌ಲೈನ್ ಆದ ಥ್ರೆಡ್ ಸಿ6 ಕೇಳುತ್ತದೆ. ಆಫ್‌ಲೈನ್ ಆಗದೆ ಸುಮ್ಮನೆ ಖಾಲಿ ಕೂತ ಥ್ರೆಡ್ ಕೂಡ ಖಾಲಿ ಸಿಪಿಯುಗಳನ್ನು ಮಲಗಿಸುವ ಇಂಟೆಲ್ ಐಡಲ್ ಡ್ರೈವರ್ ಮೂಲಕ ಅದೇ ಸಿ6 ಕೇಳುತ್ತದೆ. ಇಬ್ಬರೂ ಮಲಗಿರುವುದು ಒಂದೇ ಕಡೆ. ಮೀಟರ್ ಏಕೆ ಕದಲಬೇಕು? ಆನ್‌ಲೈನ್ ಇರುವುದು ಆಗೊಮ್ಮೆ ಈಗೊಮ್ಮೆ ಟೈಮರ್‌ಗೋ ಕರ್ನಲ್‌ನ ಸಣ್ಣಪುಟ್ಟ ಕೆಲಸಕ್ಕೋ ಏಳುತ್ತದೆ. ಆ ವ್ಯತ್ಯಾಸ ಪ್ಲಗ್ಗಿನ ಮೀಟರಿಗೆ ಕಾಣುವಂಥದ್ದಲ್ಲ.

ಎರಡನೇ ಪ್ರಯೋಗ ಕೆಟ್ಟದ್ದು ಬೇರೆ ಕಾರಣಕ್ಕೆ. ಮ್ಯಾಕ್ಸ್‌ಸಿಪಿಯುಸ್=28 ಎಂದರೆ ಬೂಟ್ ಆಗುವಾಗ 28ನ್ನು ಮಾತ್ರ ಎಬ್ಬಿಸು ಎಂದು. ಉಳಿದ 28ನ್ನು ಕರ್ನಲ್ ಮುಟ್ಟುವುದೇ ಇಲ್ಲ. ಮುಟ್ಟದ ಮೇಲೆ ಅವು ಫರ್ಮ್‌ವೇರ್, ಅಂದರೆ ಬಯೋಸ್, ಬಿಟ್ಟುಹೋದ ಸ್ಥಿತಿಯಲ್ಲೇ ಇರುತ್ತವೆ. ಆ ಸ್ಥಿತಿ ಯಾವುದು? ಇಂಟೆಲ್‌ನ ಹಳೆಯ ಮಲ್ಟಿಪ್ರೊಸೆಸರ್ ನಿಯಮಾವಳಿಯ ಪ್ರಕಾರ ಬಯೋಸ್ ಮೊದಲ ಸಿಪಿಯು ಬಿಟ್ಟು ಮಿಕ್ಕವನ್ನು ಇಂಟರಪ್ಟ್ ಮುಚ್ಚಿ ಹಾಲ್ಟ್‌ನಲ್ಲಿ ಇಡಬೇಕು. ಬಯೋಸ್‌ನ ಹೊಸ ರೂಪವಾದ ಯುಇಎಫ್‌ಐ ಫರ್ಮ್‌ವೇರ್‌ಗಳಿಗೆ ತಳಹದಿಯಾದ ಇಡಿಕೆ2 ಕೋಡಿನಲ್ಲಿ ಇದಕ್ಕೆ ಮೂರು ಆಯ್ಕೆ ಇವೆ: ಹಾಲ್ಟ್ ಸುತ್ತು, ಎಮ್‌ವೇಟ್ ಸುತ್ತು, ಸುಮ್ಮನೆ ಗಿರಕಿ ಹೊಡೆಯುವ ಸುತ್ತು. ಏನೂ ಬದಲಿಸದಿದ್ದರೆ ಹಾಲ್ಟ್. ಅಂದರೆ ಸಿ1.

ಲೆಕ್ಕ ಹಾಕಿ. ಕರ್ನಲ್ ಎಬ್ಬಿಸಿದ್ದು 0–27, ಪ್ರತಿ ಕೋರಿನ ಮೊದಲ ಥ್ರೆಡ್. ಬಿಟ್ಟದ್ದು 28–55, ಅದೇ ಕೋರ್‌ಗಳ ಜೋಡಿ ಥ್ರೆಡ್. ಮೊದಲನೆಯದು ಕೆಲಸ ಮುಗಿಸಿ ಸಿ6 ಕೇಳಿದಾಗಲೆಲ್ಲ ಜೋಡಿ ಸಿ1ರಲ್ಲಿ ಕೂತು ತಡೆಯುತ್ತದೆ. ಎರಡೂ ಚಿಪ್ಪಿನ 28 ಕೋರ್‌ಗಳಲ್ಲಿ ಒಂದಕ್ಕೂ ಸಿ6 ಸಿಗುವುದಿಲ್ಲ, ಎರಡು ಪ್ಯಾಕೇಜಿಗೂ ನಿದ್ದೆ ಇಲ್ಲ. ಮೊದಲು ರಾತ್ರಿಯೆಲ್ಲ ಸಿ6ರಲ್ಲಿ ಮಲಗುತ್ತಿದ್ದ ಯಂತ್ರವನ್ನು ನೀವೇ ಸಿ1ರಲ್ಲಿ ಕೂರಿಸಿದಂತಾಯಿತು. ಮೀಟರ್ ಏರಿದ್ದು ಇದಕ್ಕೆ.

ಬೇಕಾದಾಗ ಕೋರಿನ ವೇಗ ಏರಿಸುವ ಟರ್ಬೊಗೂ ಇದೇ ಪೆಟ್ಟು. ಎಷ್ಟು ಕೋರ್ ಕೆಲಸದಲ್ಲಿವೆ ಎಂದು ನೋಡಿ ಚಿಪ್ ಗರಿಷ್ಠ ವೇಗ ಕೊಡುತ್ತದೆ. ಸಿ1ರಲ್ಲಿರುವ ಕೋರ್ ಆ ಎಣಿಕೆಯಲ್ಲಿ ಕೆಲಸದ್ದೇ ಎಂದು ಸೇರುತ್ತದೆ, ಸಿ3, ಸಿ6ರಲ್ಲಿರುವುದು ಸೇರುವುದಿಲ್ಲ. ಕೋರ್ ಮುಚ್ಚಿದರೆ ಉಳಿದವಕ್ಕೆ ಹೆಚ್ಚು ವೇಗ ಸಿಗುತ್ತದೆ ಎಂಬ ಆಸೆಯಿಂದ ಮ್ಯಾಕ್ಸ್‌ಸಿಪಿಯುಸ್ ಹಾಕುವವರಿಗೆ ಸಿಗುವುದು ಇದರ ಉಲ್ಟಾ.

ಆದ್ದರಿಂದ ಮ್ಯಾಕ್ಸ್‌ಸಿಪಿಯುಸ್ ತೆಗೆದುಹಾಕಿ. ಹೈಪರ್‌ಥ್ರೆಡಿಂಗ್ ಬೇಡವೆನ್ನುವುದೇ ಉದ್ದೇಶವಾದರೆ ನೋಎಸ್‌ಎಮ್‌ಟಿ (ಎಸ್‌ಎಮ್‌ಟಿ ಎಂದರೆ ಹೈಪರ್‌ಥ್ರೆಡಿಂಗ್‌ನ ಸಾಮಾನ್ಯ ಹೆಸರು) ಎಂಬ ಬೂಟ್ ಆಯ್ಕೆ ಇದೆ, ಅಥವಾ ಸಿಸ್ ಫೋಲ್ಡರಿನ ಡಿವೈಸಸ್, ಸಿಸ್ಟಮ್, ಸಿಪಿಯು ಒಳಗಿನ ಎಸ್‌ಎಮ್‌ಟಿ ಫೋಲ್ಡರಿನಲ್ಲಿ ಕಂಟ್ರೋಲ್ ಎಂಬ ಫೈಲಿಗೆ ಆಫ್ ಎಂದು ಬರೆದರೂ ಆಯಿತು. 2018ರಲ್ಲಿ ಎಲ್1ಟಿಎಫ್ ಎಂಬ ಭದ್ರತಾ ದೋಷ ಹೊರಬಿದ್ದಾಗ ಬಂದದ್ದು ಇದು. ಇದರ ನಡೆ ಬೇರೆ: ಜೋಡಿ ಥ್ರೆಡ್ಡನ್ನು ಒಮ್ಮೆ ಪೂರ್ತಿ ಎಬ್ಬಿಸಿ, ಆಮೇಲೆ ಕ್ರಮವಾಗಿ ಆಫ್‌ಲೈನ್ ಮಾಡುತ್ತದೆ. ಎಬ್ಬಿಸಲು ಕಾರಣ ಕರೆಂಟ್ ಅಲ್ಲ. ಯಂತ್ರದೋಷದ ಸೂಚನೆ ಎಲ್ಲ ಥ್ರೆಡ್ಡುಗಳಿಗೂ ಒಟ್ಟಿಗೆ ಹೋಗುತ್ತದೆ, ಅದನ್ನು ಸ್ವೀಕರಿಸುವ ಬಿಟ್ ಯಾವುದಾದರೂ ಒಂದರಲ್ಲಿ ಹಾಕದೆ ಬಿಟ್ಟಿದ್ದರೆ ಇಡೀ ಯಂತ್ರ ಅಲ್ಲೇ ಬಿದ್ದುಹೋಗುತ್ತದೆ. ಹಾಗೆ ಎಬ್ಬಿಸಿದ್ದರಿಂದ ಅದನ್ನು ಆಳಕ್ಕೆ ಮಲಗಿಸುವ ಅವಕಾಶವೂ ಕರ್ನಲ್‌ಗೆ ಸಿಗುತ್ತದೆ.

ಕರ್ನಲ್ ಬರೆಯುವವರೂ ಇಲ್ಲಿ ಎಡವಿದ್ದುಂಟು. ಆಳ ಎಷ್ಟೆಂದು, ಚಿಪ್ ತನ್ನ ಬಗ್ಗೆ ಹೇಳಿಕೊಳ್ಳುವ ಸಿಪಿಯುಐಡಿ ಅಂಕಿಗಳಿಂದ ಊಹಿಸುವ ಹಳೆಯ ವಿಧಾನ ಸಿಯೆರಾ ಫಾರೆಸ್ಟ್ ಎಂಬ ಹೊಸ ಜಿಯಾನ್‌ನಲ್ಲಿ ತಪ್ಪು ಸೂಚನೆ ಕೊಡುತ್ತಿತ್ತು. ಸರಿ, ಊಹೆಯೇ ಬೇಡ, ಐಡಲ್ ಡ್ರೈವರನ್ನೇ ಕೇಳೋಣ ಎಂದು ಬದಲಿಸಿದರು. ಆದರೆ ನೋಎಸ್‌ಎಮ್‌ಟಿ ಕೊಟ್ಟಾಗ ಜೋಡಿ ಥ್ರೆಡ್ಡುಗಳು ಆಫ್‌ಲೈನ್ ಆಗುವುದು ಆ ಡ್ರೈವರ್ ಏಳುವ ಮುಂಚೆಯೇ. ಕೇಳಲು ಯಾರೂ ಇಲ್ಲದೆ ಅವು ಹಾಲ್ಟ್‌ಗೆ ಬಿದ್ದು ಅಲ್ಲೇ ಉಳಿದವು, ಪ್ಯಾಕೇಜಿನ ನಿದ್ದೆ ಹೋಯಿತು. 2025ರಲ್ಲಿ ಆ ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಂಡು, ಡ್ರೈವರ್ ಎದ್ದ ಮೇಲೆ ಸತ್ತಂತಿದ್ದ ಥ್ರೆಡ್ಡುಗಳನ್ನು ಇನ್ನೊಮ್ಮೆ ಎಬ್ಬಿಸಿ ಮಲಗಿಸುವ ಹೆಜ್ಜೆ ಸೇರಿಸಿ ಮತ್ತೆ ತಂದರು. ಹೊಸ ಕರ್ನಲ್ ಹಾಕಿದ ದಿನ ಖಾಲಿ ಯಂತ್ರದ ಬಳಕೆ ಏಕಾಏಕಿ ಏರಿದರೆ ಸಂಶಯ ಪಡಬೇಕಾದ ಜಾಗ ಇದೂ ಒಂದು. ಎಸ್‌ಎಮ್‌ಟಿ ಕಂಟ್ರೋಲ್ ಫೈಲಿಗೆ ಒಮ್ಮೆ ಆನ್, ಮತ್ತೆ ಆಫ್ ಬರೆದರೆ ಬಳಕೆ ಇಳಿಯುತ್ತದೆಯೇ ನೋಡಿ. ಇಳಿದರೆ ರೋಗ ಅದೇ.

ಎಎಮ್‌ಡಿ ಯಂತ್ರ ಇರುವವರಿಗೆ ಒಂದು ಮಾತು. ಅಲ್ಲಿ ಎಮ್‌ವೇಟ್ ಸಿ1ಕ್ಕಿಂತ ಆಳಕ್ಕೆ ಇಳಿಸುವುದಿಲ್ಲ ಎಂಬ ಕಾರಣಕ್ಕೆ 2018ರಿಂದ ಲಿನಕ್ಸ್ ಆಫ್‌ಲೈನಿಗೆ ಅದನ್ನು ಬಳಸುವುದನ್ನು ಬಿಟ್ಟಿದೆ. ಎಸಿಪಿಐ ಐಡಲ್ ಡ್ರೈವರ್ ಮೂಲಕ ಇಳಿಸುತ್ತದೆ. ಬಯೋಸ್‌ನಲ್ಲಿ ಗ್ಲೋಬಲ್ ಸಿ-ಸ್ಟೇಟ್ ಕಂಟ್ರೋಲ್ ಆಫ್ ಆಗಿದ್ದರೆ ಆ ದಾರಿ ಮುಚ್ಚಿ ಆಫ್‌ಲೈನ್ ಆದದ್ದು ಹಾಲ್ಟ್‌ನಲ್ಲಿ ನಿಲ್ಲುತ್ತದೆ. ಎಪಿಕ್ ಸರ್ವರುಗಳಲ್ಲಿ ಕೋರ್‌ಗಳಿಗಿಂತ, ಮೆಮೊರಿ ಮತ್ತು ಕಾರ್ಡುಗಳ ಸಂಪರ್ಕ ನೋಡಿಕೊಳ್ಳುವ ನಡುವಿನ ಐಒ ಡೈ ಖಾಲಿ ಹೊತ್ತಿನ ದೊಡ್ಡ ಖರ್ಚು. ಕೋರ್ ಎಷ್ಟು ಮುಚ್ಚಿದರೂ ಅದು ಎಚ್ಚರವಾಗಿರುತ್ತದೆ.

ಇನ್ನು ನಿಜವಾಗಿಯೂ ಎರಡನೇ ಸಾಕೆಟ್ಟನ್ನು ಮುಚ್ಚಿದರೆ ಏನಾಗುತ್ತದೆ? ನಿಮ್ಮ ಬೋರ್ಡಿನ ನಂಬರ್ ಪದ್ಧತಿ ನೋಡಿಕೊಂಡು 14–27 ಮತ್ತು 42–55ನ್ನು, ಡೆಲ್ ಆದರೆ ಬೆಸ ಸಂಖ್ಯೆಗಳನ್ನೆಲ್ಲ, ಆಫ್‌ಲೈನ್ ಮಾಡಿದಿರಿ ಎನ್ನಿ. ಕೋರ್‌ಗಳು ಸಿ6ರಲ್ಲಿ ಮಲಗುತ್ತವೆ. ಖಾಲಿ ಇದ್ದಾಗಲೂ ಅಲ್ಲೇ ಮಲಗುತ್ತಿದ್ದವು. ಆದರೆ ಆ ಸಾಕೆಟ್ಟಿಗೆ ಸೇರಿದ 8 ರ‍್ಯಾಮ್‌ಗಳು, ಮೆಮೊರಿ ಕಂಟ್ರೋಲರ್, ಪಿಸಿಐಇ ಸ್ಲಾಟುಗಳು, ಎರಡು ಚಿಪ್ಪನ್ನು ಜೋಡಿಸುವ ಕ್ಯೂಪಿಐ ತಂತುಗಳು, ವೋಲ್ಟೇಜ್ ರೆಗ್ಯುಲೇಟರುಗಳು ಎಲ್ಲ ಹಾಗೆಯೇ ಇರುತ್ತವೆ. ಬಾಗಿಲು ಹಾಕಿದ ಅಂಗಡಿಗೂ ಬಾಡಿಗೆ ತಪ್ಪುವುದಿಲ್ಲ. ಮೇಲಾಗಿ ಸಿಪಿಯು ಆಫ್‌ಲೈನ್ ಮಾಡಿದರೆ ಅದರ ಮೆಮೊರಿ ಆಫ್‌ಲೈನ್ ಆಗುವುದಿಲ್ಲ. ಲಿನಕ್ಸ್ ಆ 128 ಜಿಬಿಯನ್ನು ಸಿಪಿಯು ಇಲ್ಲದ ನೋಡ್ ಎಂದು ಇಟ್ಟುಕೊಂಡು, ಮೊದಲ ಸಾಕೆಟ್ಟಿನದು ತುಂಬಿದಂತೆ ಅಲ್ಲಿಂದ ಪುಟಗಳನ್ನು ಎತ್ತುತ್ತದೆ. ಡಿಸ್ಕ್ ಕ್ಯಾಶ್ ಬೆಳೆಯುತ್ತ ಹೋದ ಹಾಗೆ ಇದು ಆಗಿಯೇ ಆಗುತ್ತದೆ. ಆಗ ಮೊದಲ ಚಿಪ್ಪಿನ ಕೋರ್‌ಗಳು ಕ್ಯೂಪಿಐ ದಾಟಿ ಆ ಮೆಮೊರಿಯನ್ನು ಮುಟ್ಟುತ್ತಲೇ ಇರುತ್ತವೆ, ಎರಡನೇ ಪ್ಯಾಕೇಜಿಗೆ ಆಳದ ನಿದ್ದೆ ಬರುವುದಿಲ್ಲ, ಕೆಲಸವೂ ನಿಧಾನ. ಚಿಪ್ಪಿನ ಮೇಲೆ ಬರೆದ 120 ವಾಟ್ ಉಳಿಯುತ್ತದೆ ಎಂದುಕೊಂಡವರು ಗಮನಿಸಿ: ಅದು ಪೂರ್ತಿ ಕೆಲಸದಲ್ಲಿರುವಾಗಿನ ಶಾಖದ ಮಿತಿ. ಖಾಲಿ ಚಿಪ್ ಅದರ ಹತ್ತಿರಕ್ಕೂ ಬರುವುದಿಲ್ಲ.

ಇಲ್ಲಿ ಅಳತೆಯಲ್ಲಿ ಒಂದು ಮೋಸ ಇದೆ, ತಿಳಿದವರೂ ಬೀಳುತ್ತಾರೆ. ನಿದ್ದೆಯ ಆಳ, ವಾಟ್ ಎರಡನ್ನೂ ತೋರಿಸುವ ಟರ್ಬೊಸ್ಟ್ಯಾಟ್ ಹಾಕಿ ಪ್ಯಾಕೇಜ್ ವಾಟ್ ಕಾಲಂ ನೋಡುತ್ತ ಎರಡನೇ ಸಾಕೆಟ್ಟಿನ ಕೊನೆಯ ಸಿಪಿಯುವನ್ನೂ ಆಫ್‌ಲೈನ್ ಮಾಡಿ, ಮತ್ತೆ ಓಡಿಸಿದರೆ ಒಟ್ಟು ವಾಟ್ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ. ಉಳಿತಾಯವಾಯಿತು ಎಂದು ಖುಷಿಪಡಬೇಡಿ. ಪ್ಯಾಕೇಜಿನ ವಿದ್ಯುತ್ ಲೆಕ್ಕವನ್ನು ಓದಬೇಕಾದರೆ ಆ ಪ್ಯಾಕೇಜಿನದೇ ಒಂದು ಸಿಪಿಯು ಆನ್‌ಲೈನ್ ಇರಬೇಕು. ಎಲ್ಲವೂ ಆಫ್‌ಲೈನ್ ಆದರೆ ಓದುವವರಿಲ್ಲ, ಆ ಸಾಲೇ ಪರದೆಯಿಂದ ಮಾಯವಾಗುತ್ತದೆ. ಲಿನಕ್ಸ್ ಈ ವಿದ್ಯುತ್ ಲೆಕ್ಕವನ್ನು ತೋರಿಸುವ ಪವರ್‌ಕ್ಯಾಪ್ ಫೋಲ್ಡರಿನಲ್ಲಿ ಆ ಪ್ಯಾಕೇಜಿನ ಉಪಫೋಲ್ಡರೂ ಹೋಗುತ್ತದೆ. ಕರೆಂಟ್ ಹರಿಯುತ್ತಲೇ ಇರುತ್ತದೆ. ಅಳೆಯುವಾಗ ಸಾಕೆಟ್ಟಿಗೆ ಒಂದು ಸಿಪಿಯುವನ್ನಾದರೂ ಬಿಡಿ, ಇಲ್ಲವೇ ಪ್ಲಗ್ಗಿನ ಮೀಟರನ್ನೇ ನಂಬಿ.

ಅಳೆಯುವ ಕ್ರಮ ಹೀಗಿರಲಿ. ಟರ್ಬೊಸ್ಟ್ಯಾಟ್ ಉಬುಂಟುವಿನಲ್ಲಿ ಲಿನಕ್ಸ್-ಟೂಲ್ಸ್-ಜೆನೆರಿಕ್ ಪ್ಯಾಕೇಜಿನ ಜೊತೆ ಬರುತ್ತದೆ, ರೂಟ್ ಆಗಿ ಓಡಿಸಬೇಕು. 30 ಸೆಕೆಂಡಿನ ಅಂತರ ಕೊಡಿ. 1 ಸೆಕೆಂಡ್ ಕೊಟ್ಟರೆ ಅಳೆಯುವ ಪ್ರೋಗ್ರಾಮೇ ಎಲ್ಲ ಸಿಪಿಯುಗಳನ್ನೂ ಎಬ್ಬಿಸುತ್ತಿರುತ್ತದೆ. ನೋಡಬೇಕಾದ್ದು ಮೂರು ಕಾಲಂ: ಪ್ರತಿ ಕೋರಿನ ಸಿ6 ಶೇಕಡಾ, ಪ್ಯಾಕೇಜ್ ಸಿ6 ಶೇಕಡಾ, ಪ್ಯಾಕೇಜ್ ವಾಟ್. ಏನೂ ಕೆಲಸವಿಲ್ಲದ ಯಂತ್ರದಲ್ಲಿ ಕೋರ್ ಸಿ6 ತೊಂಬತ್ತರ ಮೇಲೆ ಇರಬೇಕು. ಅದು ಸೊನ್ನೆಯಾಗಿ ಸಿ1 ನೂರರ ಹತ್ತಿರ ಇದ್ದರೆ ಯಾರೋ ಆಳವನ್ನು ತಡೆದಿದ್ದಾರೆ. ಮ್ಯಾಕ್ಸ್‌ಸಿಪಿಯುಸ್ ಇಟ್ಟುಕೊಂಡು ಒಮ್ಮೆ, ತೆಗೆದು ಒಮ್ಮೆ ಓಡಿಸಿದರೆ ಮೇಲೆ ಹೇಳಿದ್ದು ಕಣ್ಣಿಗೇ ಕಾಣುತ್ತದೆ. ಶುರುವಿನಲ್ಲಿ ಅದು ಅಚ್ಚು ಹಾಕುವ ಸಾಲುಗಳ ನಡುವೆ ಪ್ಯಾಕೇಜ್ ಸಿ-ಸ್ಟೇಟಿನ ಮಿತಿ ಎಷ್ಟು, ಅದಕ್ಕೆ ಬೀಗ ಬಿದ್ದಿದೆಯೇ ಎಂಬುದೂ ಇರುತ್ತದೆ. ಮಿತಿಯನ್ನು ಬಯೋಸ್ ಸೊನ್ನೆಗೆ ಇಟ್ಟು ಬೀಗ ಹಾಕಿದ್ದರೆ ಲಿನಕ್ಸ್‌ನಲ್ಲಿ ಏನು ಮಾಡಿದರೂ ಪ್ಯಾಕೇಜ್ ಮಲಗದು.

ಪ್ಲಗ್ಗಿನ ಮೀಟರಿನಲ್ಲಿ ಕ್ಷಣದ ವಾಟ್ ನೋಡಬೇಡಿ; ಫ್ಯಾನ್ ವೇಗ ಬದಲಾದರೆ ಅದೇ ಹತ್ತಾರು ವಾಟ್ ಕುಣಿಯುತ್ತದೆ. ಬದಲಾವಣೆ ಮಾಡಿ 15 ನಿಮಿಷ ಬಿಟ್ಟು, ಆಮೇಲೆ ಒಂದು ಗಂಟೆಯ ಯೂನಿಟ್ ಲೆಕ್ಕ ತೆಗೆದುಕೊಳ್ಳಿ. ಬಿಎಮ್‌ಸಿ (ಸರ್ವರನ್ನು ದೂರದಿಂದ ನೋಡಿಕೊಳ್ಳಲು ಇರುವ ಚಿಪ್) ಇದ್ದರೆ ಐಪಿಎಮ್‌ಐಟೂಲ್‌ನ ಡಿಸಿಎಮ್‌ಐ ಪವರ್ ರೀಡಿಂಗ್ ಸರಾಸರಿಯನ್ನೂ ಕೊಡುತ್ತದೆ. ಪವರ್‌ಕ್ಯಾಪ್‌ನ ಶಕ್ತಿ ಎಣಿಕೆಯನ್ನು ಸಂಜೆಗೊಮ್ಮೆ ಬೆಳಗ್ಗೆಗೊಮ್ಮೆ ಓದಿ ಕಳೆಯುವ ಯೋಚನೆ ಇದ್ದರೆ, ಅದು ಸುಮಾರು 2,62,143 ಜೌಲ್ ಮುಟ್ಟಿದ ಮೇಲೆ ಸೊನ್ನೆಗೆ ಮರಳುತ್ತದೆ ಎಂಬುದು ನೆನಪಿರಲಿ. 40 ವಾಟ್ ಹರಿಯುತ್ತಿದ್ದರೆ ಎರಡು ಗಂಟೆಗೂ ಮುಂಚೆಯೇ ಒಂದು ಸುತ್ತು ಮುಗಿದಿರುತ್ತದೆ.

ಸಿ6 ಕಾಣದಿದ್ದರೆ ಹುಡುಕಬೇಕಾದ ಜಾಗಗಳು: ಸರ್ವರಿನ ಬಯೋಸ್‌ನಲ್ಲಿ ಪವರ್ ಪ್ರೊಫೈಲ್ ಪರ್ಫಾರ್ಮೆನ್ಸ್ ಎಂದಿದ್ದರೆ ಬಹುಪಾಲು ಸಿ-ಸ್ಟೇಟ್‌ಗಳನ್ನು ಅದೇ ಮುಚ್ಚಿರುತ್ತದೆ, ಕೈಬದಲಾಗಿ ಬಂದ ಸರ್ವರುಗಳಲ್ಲಿ ಇದು ತೀರಾ ಮಾಮೂಲು, ಮೊದಲು ಇದ್ದ ಕಡೆ ಯಾರೋ ವೇಗಕ್ಕಾಗಿ ಇಟ್ಟಿರುತ್ತಾರೆ. ಆಮೇಲೆ ಬೂಟ್ ಸಾಲಿನಲ್ಲಿ ಇಂಟೆಲ್ ಐಡಲ್‌ನ ಅಥವಾ ಪ್ರೊಸೆಸರ್ ಮಾಡ್ಯೂಲಿನ ಮ್ಯಾಕ್ಸ್ ಸಿ-ಸ್ಟೇಟ್ ಮಿತಿ, ಐಡಲ್=ಪೋಲ್. ಟ್ಯೂನ್‌ಡಿ ಎಂಬ ವೇಗ ಹೊಂದಿಸುವ ಸೇವೆ ಹಾಕಿದ್ದರೆ ಅದರ ಲೇಟೆನ್ಸಿ-ಪರ್ಫಾರ್ಮೆನ್ಸ್ ಪ್ರೊಫೈಲ್ ಕೂಡ ಇದನ್ನೇ ಮಾಡುತ್ತದೆ. ಕೋರ್ ಸಿ6 ಚೆನ್ನಾಗಿದ್ದೂ ಪ್ಯಾಕೇಜ್ ಸಿ6 ಮಾತ್ರ ಸೊನ್ನೆಯಾದರೆ ಕಣ್ಣನ್ನು ಕೋರ್‌ಗಳಿಂದ ಬೇರೆ ಕಡೆ ತಿರುಗಿಸಿ. ರೇಡ್ ಕಾರ್ಡ್, ನೆಟ್‌ವರ್ಕ್ ಕಾರ್ಡ್ ಇವು ಮೆಮೊರಿಯನ್ನು ಬಿಡದೆ ತಟ್ಟುತ್ತಿರಬಹುದು.

ಹಾಗಾದರೆ ಆಫ್‌ಲೈನ್ ಮಾಡುವುದು ಯಾವಾಗಲೂ ವ್ಯರ್ಥವೇ? ಇಲ್ಲ. ವೇಗಕ್ಕಾಗಿ ನೀವೇ ಐಡಲ್=ಪೋಲ್ ಇಟ್ಟಿದ್ದರೆ ಖಾಲಿ ಸಿಪಿಯು ಮಲಗದೆ ಸುಮ್ಮನೆ ಗಿರಕಿ ಹೊಡೆಯುತ್ತಿರುತ್ತದೆ; ಅಂಥದ್ದನ್ನು ಆಫ್‌ಲೈನ್ ಮಾಡಿದರೆ ಉಳಿತಾಯ ಮೀಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಕೋರ್ ಲೆಕ್ಕದಲ್ಲಿ ಹಣ ಕೇಳುವ ಡೇಟಾಬೇಸ್ ಲೈಸೆನ್ಸ್ ಇದ್ದರೆ ಬಯೋಸ್‌ನಲ್ಲೇ ಕೋರ್ ಸಂಖ್ಯೆ ಇಳಿಸುವುದು ರೂಢಿ. ಹಾಗೆ ಇಳಿಸಿದ ಕೋರ್ ಆಪರೇಟಿಂಗ್ ಸಿಸ್ಟಂಗೆ ಕಾಣುವುದೇ ಇಲ್ಲ, ಹಾರ್ಡ್‌ವೇರ್ ಅದರ ಕರೆಂಟ್ ಕಡಿದಿರುತ್ತದೆ, ಪ್ಯಾಕೇಜ್ ನಿದ್ದೆಗೆ ಅಡ್ಡಿಯಾಗುವುದಿಲ್ಲ. ಆದರೂ ಸಿ6ರಲ್ಲಿ ಮಲಗಿದ ಕೋರಿಗಿಂತ ಹೇಳಿಕೊಳ್ಳುವಂಥ ಉಳಿತಾಯ ಅದರಿಂದಲೂ ಇಲ್ಲ, ಮತ್ತು ಹೆಚ್ಚಿನ ಬೋರ್ಡುಗಳಲ್ಲಿ ಸಾಕೆಟ್ಟಿಗೆ ಒಂದು ಕೋರನ್ನಾದರೂ ಉಳಿಸಲೇಬೇಕು.

ರಾತ್ರಿಗೊಮ್ಮೆ ಆಫ್‌ಲೈನ್, ಬೆಳಗ್ಗೆ ಆನ್‌ಲೈನ್ ಮಾಡುವ ಕ್ರಾನ್ ಸ್ಕ್ರಿಪ್ಟ್ ಮಾತ್ರ ಬೇಡ. ಆಫ್‌ಲೈನ್ ಮಾಡುವಾಗ ಎಲ್ಲ ಸಿಪಿಯುಗಳೂ ಒಂದು ಕ್ಷಣ ನಿಂತು ಕಾಯಬೇಕಾಗುತ್ತದೆ. ಆ ಸಿಪಿಯುಗೆ ಕಟ್ಟಿದ್ದ ಪ್ರೋಗ್ರಾಮುಗಳ ಕಟ್ಟು ಬಿಚ್ಚಿಹೋಗುತ್ತದೆ, ಬೆಳಗ್ಗೆ ಸಿಪಿಯು ಮರಳಿದರೂ ಕಟ್ಟು ತಾನಾಗಿ ಮರಳುತ್ತದೆಂದು ನಂಬುವಂತಿಲ್ಲ. ಹಲವು ಕ್ಯೂಗಳ ನೆಟ್‌ವರ್ಕ್ ಕಾರ್ಡುಗಳಿದ್ದರೆ ಇಂಟರಪ್ಟ್‌ಗಳನ್ನೆಲ್ಲ ಉಳಿದ ಸಿಪಿಯುಗಳಲ್ಲಿ ತುರುಕಲು ಜಾಗ ಸಾಲದೆ, ಇಷ್ಟು ವೆಕ್ಟರ್ (ಇಂಟರಪ್ಟ್‌ಗೆ ಕೊಡುವ ಜಾಗ) ಇವೆ, ಇಷ್ಟೇ ಖಾಲಿ ಇವೆ, ಈ ಸಿಪಿಯು ಮುಚ್ಚಲಾಗದು ಎಂದು ಕರ್ನಲ್ ನಡುವೆಯೇ ಕೈಚೆಲ್ಲುವುದೂ ಉಂಟು.

ನಿಮ್ಮ ಲ್ಯಾಬಿಗೆ ಇದಕ್ಕಿಂತ ಒಳ್ಳೆಯ ದಾರಿ: ಎಲ್ಲ ಸಿಪಿಯುಗಳನ್ನೂ ಆನ್‌ಲೈನ್ ಬಿಟ್ಟು, ಕೆಲಸವನ್ನು ಮಾತ್ರ ಒಂದು ಸಾಕೆಟ್ಟಿಗೆ ಸೀಮಿತಗೊಳಿಸುವುದು. ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯಲ್ಲಿ ಸಿಸ್ಟಮ್ ಸ್ಲೈಸ್, ಯೂಸರ್ ಸ್ಲೈಸ್ ಎಂಬ ಪ್ರೋಗ್ರಾಮುಗಳ ಗುಂಪು ಎರಡಕ್ಕೂ ಸೆಟ್-ಪ್ರಾಪರ್ಟಿ ಮೂಲಕ ಅಲೌಡ್‌ಸಿಪಿಯುಸ್=0-13,28-41 ಮತ್ತು ಅಲೌಡ್‌ಮೆಮೊರಿನೋಡ್ಸ್=0 ಕೊಡಿ; ಡೆಲ್ ಆದರೆ ಸಮ ಸಂಖ್ಯೆಗಳು. ವರ್ಚುವಲ್ ಯಂತ್ರಗಳಿದ್ದರೆ ಮೆಷಿನ್ ಸ್ಲೈಸಿಗೂ ಕೊಡಿ. ಎರಡನೇ ಚಿಪ್ಪಿನ ಕೋರ್‌ಗಳು ಐಡಲ್ ಡ್ರೈವರಿನ ಕೈಯಲ್ಲೇ ಇದ್ದು ಸಿ6ರಲ್ಲಿ ಮಲಗುತ್ತವೆ, ಅಲ್ಲಿನ ಮೆಮೊರಿಗೂ ಪ್ರೋಗ್ರಾಮುಗಳು ಹೋಗುವುದಿಲ್ಲ. ಹಗಲು ಹೆಚ್ಚು ಬೇಕಾದರೆ ಒಂದೇ ಆದೇಶದಲ್ಲಿ ಮಿತಿ ಸಡಿಲಿಸಬಹುದು, ಏನೂ ಮುರಿಯುವುದಿಲ್ಲ.

ಒಂದೇ ಚಿಪ್ ವರ್ಷಗಟ್ಟಲೆ ಸಾಕು ಎಂದು ಖಚಿತವಿದ್ದರೆ ಎರಡನೆಯದನ್ನು ಕಳಚಿಡಿ. ಬಾಡಿಗೆ ನಿಲ್ಲುವುದು ಹಾಗೆ ಮಾತ್ರ. ಕೇಬಲ್ ಎರಡೂ ಕಿತ್ತು, ಪವರ್ ಬಟನ್ ಒತ್ತಿ ಉಳಿದ ಚಾರ್ಜ್ ಬಿಟ್ಟು, ಕೈಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಳ್ಳಿ. ಹೀಟ್‌ಸಿಂಕಿನ ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ ಸ್ವಲ್ಪಸ್ವಲ್ಪವೇ ಸಡಿಲಿಸಿ. ಈ ಸಾಕೆಟ್ಟಿನಲ್ಲಿ 2011 ಪಿನ್ ಇರುವುದು ಚಿಪ್ಪಿನಲ್ಲಲ್ಲ, ಬೋರ್ಡಿನಲ್ಲಿ. ಪ್ಲಾಸ್ಟಿಕ್ ಮುಚ್ಚಳ ಮೊದಲೇ ತರಿಸಿಟ್ಟುಕೊಂಡು ಚಿಪ್ ತೆಗೆದ ಕೂಡಲೇ ಹಾಕಿ, ಒಂದು ಪಿನ್ ಬಾಗಿದರೂ ಆ ಸಾಕೆಟ್ ಹೋದಂತೆ. ಆ ಬದಿಯ ರ‍್ಯಾಮ್ ಮೊದಲ ಚಿಪ್ಪಿನ ಕಡೆಗೆ ಬರಬೇಕು. ಚಿಪ್ಪಿಗೆ 4 ಚಾನೆಲ್, ಚಾನೆಲ್ಲಿಗೆ ಹೆಚ್ಚೆಂದರೆ 3 ಸ್ಲಾಟ್, ಹಾಗಾಗಿ 16ರಲ್ಲಿ ಬೋರ್ಡ್ ನೋಡಿಕೊಂಡು 8 ಅಥವಾ 12 ಮಾತ್ರ ಹಿಡಿಸುತ್ತವೆ. ಚಾನೆಲ್ಲಿಗೆ ಮೂರು ತುಂಬಿದರೆ ಮೆಮೊರಿ ವೇಗವೂ ಇಳಿಯುತ್ತದೆ, 8ಕ್ಕೆ ನಿಲ್ಲಿಸುವುದು ಒಳ್ಳೆಯದು. ಎರಡನೇ ಚಿಪ್ಪಿಗೆ ಸೇರಿದ ಪಿಸಿಐಇ ಸ್ಲಾಟುಗಳು ಸತ್ತುಹೋಗುತ್ತವೆ. ರೇಡ್ ಕಾರ್ಡೋ ನೆಟ್‌ವರ್ಕ್ ಕಾರ್ಡೋ ಅಲ್ಲಿದ್ದರೆ ಮೊದಲೇ ಸ್ಥಳಾಂತರಿಸಿ. ಖಾಲಿಯಾದ ಜಾಗಕ್ಕೆ ತಯಾರಕರ ಬ್ಲ್ಯಾಂಕ್ ಹಾಕದಿದ್ದರೆ ಗಾಳಿ ಅಡ್ಡದಾರಿ ಹಿಡಿದು ಫ್ಯಾನುಗಳು ಜೋರಾಗಿ ತಿರುಗಿ, ಉಳಿಸಿದ್ದರಲ್ಲಿ ಒಂದು ಪಾಲನ್ನು ಅವೇ ನುಂಗುತ್ತವೆ.

ಎಷ್ಟು ಉಳಿಯಿತು ಎಂಬ ಲೆಕ್ಕ ಸುಲಭ: ದಿನವಿಡೀ ಓಡುವ ಯಂತ್ರದಲ್ಲಿ ಪ್ರತಿ 10 ವಾಟಿಗೆ ವರ್ಷಕ್ಕೆ 87.6 ಯೂನಿಟ್. ಬಿಚ್ಚಿದ ಮೇಲೆ ಮೀಟರಿನ ವ್ಯತ್ಯಾಸವನ್ನು ಇದಕ್ಕೆ ಹಾಕಿ ನೋಡಿ. ಜೊತೆಗೆ ಪವರ್ ಸಪ್ಲೈ ಕಡೆಗೂ ಒಂದು ಕಣ್ಣಿರಲಿ. ಎರಡು 750 ವಾಟಿನ ಸಪ್ಲೈಗಳು 120 ವಾಟನ್ನು ಹಂಚಿಕೊಂಡರೆ ಒಂದೊಂದರ ಮೇಲೆ ಬೀಳುವ ಹೊರೆ ಶೇ 8. 80 ಪ್ಲಸ್ ಪ್ಲಾಟಿನಂ ಪ್ರಮಾಣಪತ್ರ ದಕ್ಷತೆಯನ್ನು ಅಳೆಯುವುದೇ ಶೇ 20ರ ಹೊರೆಯಿಂದ ಮೇಲೆ. ಅದರ ಕೆಳಗೆ ಸಪ್ಲೈ ತನ್ನಲ್ಲೇ ಕಳೆದುಕೊಳ್ಳುವ ಪಾಲು ಏರುತ್ತ ಹೋಗುತ್ತದೆ. ಬಯೋಸ್‌ನಲ್ಲಿ ಹಾಟ್ ಸ್ಪೇರ್ ಆಯ್ಕೆ ಇದ್ದರೆ ಒಂದನ್ನು ಮಲಗಿಸಿ. ಇಲ್ಲದಿದ್ದರೆ, ಲ್ಯಾಬಿನ ಯಂತ್ರಕ್ಕೆ ಬದಲಿ ಸಪ್ಲೈ ಅನಿವಾರ್ಯವಲ್ಲವಾದರೆ, ಒಂದರ ಕೇಬಲ್ ಕಿತ್ತು ಮೀಟರ್ ನೋಡಿ.